ಬಿಸಿಲಿಗೆ ಬಾಡಿದ ದೈತ್ಯ ಕುಂಬಳ, ಉದುರುವ ಟೊಮೆಟೊ ಹೂವು: ತೋಟದ ಮೇಡಂಗೆ ಪ್ರಶ್ನೆ

ಈ ಸಲ ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನವರೇ. ಧಾರವಾಡದಲ್ಲಿ ತೋಟಗಾರಿಕೆ ಓದಿ, ಹದಿನೆಂಟು ವರ್ಷದಿಂದ ಕ್ಯಾಲಿಫೋರ್ನಿಯಾದ ನರ್ಸರಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಸ್ಪರ್ಧೆಗೆ ತರಕಾರಿ ಬೆಳೆಯುವವರು ಮಾತ್ರ ಕೇಳಿ ಅಂದಿದ್ದೆವು. ಉಳಿದವರೂ ಕೇಳಿದ್ದಾರೆ, ಇರಲಿ.

ಪ್ರಶ್ನೆ (ಎಲ್ಕ್ ಗ್ರೋವ್‌ನಿಂದ): ನಮಸ್ಕಾರ ಮೇಡಂ. ನನ್ನೂರು ಚನ್ನರಾಯಪಟ್ಟಣ, ಈಗಿರುವುದು ಸ್ಯಾಕ್ರಮೆಂಟೊ ಪಕ್ಕದ ಎಲ್ಕ್ ಗ್ರೋವ್. ಇಲ್ಲಿ ಅಕ್ಟೋಬರ್ ಮೊದಲ ವಾರಾಂತ್ಯ ದೈತ್ಯ ಕುಂಬಳಕಾಯಿ ಹಬ್ಬ ನಡೆಯುತ್ತದೆ. ಮೂರು ವರ್ಷ ಸುಮ್ನೆ ನೋಡಿ ಬಂದೆ. ಈ ವರ್ಷ ನಂದೂ ಒಂದು ತಕ್ಕಡಿ ಹತ್ತಲೇಬೇಕು ಅಂತ ಹಠ. ಅಟ್ಲಾಂಟಿಕ್ ಜೈಂಟ್ ಅನ್ನುವ ದೈತ್ಯ ತಳಿಯ ಬೀಜ ಹಾಕಿದೆ. ಏಪ್ರಿಲ್‌ನಲ್ಲಿ ನೆಟ್ಟ ಎರಡು ಸಸಿ ಮಳೆ, ಚಳಿಗೆ ಬುಡ ಕೊಳೆತು ಹೋದವು. ಮೇ ತಿಂಗಳಲ್ಲಿ ಮತ್ತೆ ಎರಡು ನೆಟ್ಟೆ. ಒಂದರ ಬೇರನ್ನು ಗೋಫರ್ (ನೆಲದೊಳಗೆ ಬಿಲ ತೋಡುವ ಹೆಗ್ಗಣದಂಥ ಪ್ರಾಣಿ) ತಿಂದು ಮುಗಿಸಿತು. ಉಳಿದಿದ್ದು ಒಂದೇ ಬಳ್ಳಿ.

ಜುಲೈ 2ಕ್ಕೆ ಕೈಯಾರೆ ಪರಾಗ ಮುಟ್ಟಿಸಿದೆ, ಹೀಚು ನಿಂತಿತು. ಇವತ್ತಿಗೆ 20 ದಿನ. ಟೇಪಿನಲ್ಲಿ ಅಳೆದು ತೂಕ ಅಂದಾಜು ಮಾಡಿದರೆ ದಿನಕ್ಕೆ 12 ಪೌಂಡ್ ಏರುತ್ತಿತ್ತು. ಹೋದ ವಾರದಿಂದ ದಿನಾ 105, 108 ಡಿಗ್ರಿ ಫ್ಯಾರನ್‌ಹೀಟ್. ಮಧ್ಯಾಹ್ನ ಎಲೆಗಳೆಲ್ಲ ಮಡಚಿದ ಛತ್ರಿ ಥರ ಜೋತು ಬೀಳುತ್ತವೆ. ಈಗ ದಿನಕ್ಕೆ 5 ಪೌಂಡ್ ಬಂದರೆ ಹೆಚ್ಚು. ಹೆದರಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೀರು ಬಿಟ್ಟೆ. ಮೀನಿನ ಗೊಬ್ಬರ ಕೊಟ್ಟೆ, 20-20-20 ರಾಸಾಯನಿಕ ಗೊಬ್ಬರ ಕೂಡ ಕೊಟ್ಟೆ. ತೊಟ್ಟಿನ ಹತ್ತಿರ ಒಂದು ಸಣ್ಣ ಬಿರುಕೂ ಕಾಣುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಗೊಬ್ಬರದ ಡಬ್ಬಗಳನ್ನು ಗ್ಯಾರೇಜಿನಲ್ಲಿಟ್ಟು ಬಾಗಿಲು ಹಾಕಿ. ಆಮೇಲೆ ಬಿರುಕಿನ ವಿಷಯಕ್ಕೆ ಬನ್ನಿ, ತುರ್ತು ಇರುವುದು ಅಲ್ಲಿ.

ಕಾಯಿ ಊದುತ್ತಾ ಹೋದ ಹಾಗೆ ಅದರ ಹೆಗಲು ಮೇಲೇಳುತ್ತದೆ, ಜೊತೆಗೆ ತೊಟ್ಟನ್ನೂ ಎತ್ತುತ್ತದೆ. ಬಳ್ಳಿಯಾದರೋ ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟು ನೆಲ ಕಚ್ಚಿಕೊಂಡಿರುತ್ತದೆ. ಇದು ಮೇಲೆ ಎಳೆಯುತ್ತದೆ, ಅದು ಬಿಡುವುದಿಲ್ಲ. ನಡುವೆ ಸೀಳುವುದು ತೊಟ್ಟು. ಕಾಯಿಯ ಎರಡೂ ಬದಿಗೆ ಎರಡು, ಮೂರು ಗೆಣ್ಣುಗಳ ಬೇರನ್ನು ಬಿಡಿಸಿ. ಆದರೆ ಒಂದೇ ದಿನ ಎಲ್ಲಾ ಕತ್ತರಿಸಬೇಡಿ. ಈ ಬಿಸಿಲಲ್ಲಿ ಅಷ್ಟು ಬೇರು ಒಟ್ಟಿಗೆ ಹೋದರೆ ಬಳ್ಳಿ ತಡೆಯುವುದಿಲ್ಲ. ದಿನಕ್ಕೊಂದು ಗೆಣ್ಣು, ಅದೂ ಸಂಜೆ. ಬಳ್ಳಿ ಸಡಿಲವಾದ ಮೇಲೆ ಕಾಯಿಯ ಹೆಗಲಿಗೆ ತಾಗದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಆಚೆ ಸರಿಸಿ. ಬಿರುಕಿಗೆ ನೀರು ತಾಗಬಾರದು. ಒಣಗಲಿ ಅಂತ ಚಿಟಿಕೆ ಗಂಧಕದ ಪುಡಿ ಸವರಬಹುದು, ಎಲೆ ಮೇಲೆ ಮಾತ್ರ ಬೀಳಬಾರದು. 90 ಡಿಗ್ರಿ ದಾಟಿದ ಬಿಸಿಲಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೂದಿ ರೋಗ ಬಂತು ಅಂತ ಈಗ ಗಂಧಕ ಹೊಡೆಯಲು ಹೊರಟವರಿಗೂ ಇದೇ ಮಾತು.

ಇನ್ನು ಎಲೆ ಬಾಡುವುದು. ಮಧ್ಯಾಹ್ನ ಬಾಡಿದ್ದಕ್ಕೆ ಗಾಬರಿ ಬೇಡ. ಅಷ್ಟಗಲದ ಎಲೆ ಬಿಡುವ ನೀರನ್ನು ಬೇರು ಆ ಹೊತ್ತಿಗೆ ತುಂಬಿಕೊಡಲು ಆಗುವುದಿಲ್ಲ, ಅಷ್ಟೇ. ನಿಮ್ಮ ಕಡೆ ಸಂಜೆ ಸಮುದ್ರದ ಕಡೆಯಿಂದ ತಂಪು ಡೆಲ್ಟಾ ಗಾಳಿ ಬರುತ್ತದಲ್ವಾ? ಅದು ಬಂದು ಒಂದೆರಡು ಗಂಟೆಯಲ್ಲಿ ಎಲೆ ಎದ್ದು ನಿಂತರೆ ಬಳ್ಳಿ ಚೆನ್ನಾಗಿದೆ ಅಂತ ಅರ್ಥ. ಬೆಳಿಗ್ಗೆ ಆರಕ್ಕೂ ಬಾಡಿದ್ದರೆ ಬೇರಿನಲ್ಲಿ ತೊಂದರೆ. ಆಗ ನೀರು ಜಾಸ್ತಿ ಕೊಟ್ಟಷ್ಟೂ ಬೇಗ ಸಾಯುತ್ತದೆ.

ನಿಮ್ಮದು ಜೇಡಿ ಮಣ್ಣು. ಕೈಯನ್ನು ಆರು ಇಂಚು ಒಳಗೆ ಹಾಕಿ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ನೀರು ಬಂದರೆ ಇವತ್ತು ನೀರಿಲ್ಲ. ಉಂಡೆ ಕಟ್ಟದೆ ಉದುರಿದರೆ ನೀರು ಬೇಕು. ಪೂರ್ತಿ ಹರಡಿದ ಬಳ್ಳಿ ಇಂಥ ಬಿಸಿಲಲ್ಲಿ ದಿನಕ್ಕೆ 75ರಿಂದ 100 ಗ್ಯಾಲನ್ ಕುಡಿಯಬಹುದು. ಆದರೆ ಅದು ಇಡೀ ಪಾತಿಗೆ ಹರಡಬೇಕು, ಬೆಳಗಿನ ಜಾವ, ನಿಧಾನಕ್ಕೆ. ಬುಡಕ್ಕೇ ಪೈಪ್ ಇಟ್ಟು ಮೊಬೈಲ್ ನೋಡುತ್ತಾ ನಿಲ್ಲುವುದಲ್ಲ.

ನೆರಳು ಕೊಡಿ. 30ರಿಂದ 40 ಪರ್ಸೆಂಟಿನ ಶೇಡ್ ನೆಟ್ ಅನ್ನು ಕಂಬ ಕಟ್ಟಿ ಎಲೆಗಿಂತ ಎತ್ತರಕ್ಕೆ ಹಾಕಿ, ಹನ್ನೆರಡರಿಂದ ಐದರವರೆಗೆ ಸಾಕು. ಕಾಯಿಯ ಮೇಲೆ ಬಿಳಿ ಬಟ್ಟೆ. ಹಳೇ ಪಂಚೆ ಎರಡು ಮಡಿಕೆ ಮಾಡಿ ಹೊದಿಸಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬಿಸಿಲು ಬಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗುತ್ತದೆ, ಗಟ್ಟಿ ಸಿಪ್ಪೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆಂದುಹೋಗುತ್ತದೆ.

ಬೆಳವಣಿಗೆ ಇಳಿದಿದೆ ಅಂತ ಗೊಬ್ಬರ ಸುರಿದಿರಿ. ಬಿಸಿಲಿಗೆ ಎಲೆ ಬಾಯಿ ಮುಚ್ಚಿಕೊಂಡಿದೆ, ಅಡುಗೆಮನೆ ಬಂದ್. ಆಗ ದಿನಸಿ ತಂದು ಸುರಿದರೆ ಊಟ ತಯಾರಾಗುತ್ತದಾ? ಆ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಹವಾಮಾನ ತಣ್ಣಗಾದ ದಿನ ನೀರಿನ ಜೊತೆ ಎಲ್ಲಾ ಒಟ್ಟಿಗೆ ಒಳಗೆ ಹೋಗುತ್ತದೆ. ಒಂದೇ ರಾತ್ರಿ ಕಾಯಿ ಸರ್ರನೆ ಹಿಗ್ಗುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಹೋಳಾಗಿರುತ್ತದೆ. ಬಿರುಕು ಒಳಗಿನ ಪೊಳ್ಳಿನವರೆಗೆ ಹೋದ ಕಾಯಿಯನ್ನು ಸ್ಪರ್ಧೆಗೆ ಸೇರಿಸುವುದಿಲ್ಲ. ಆಯುಧಪೂಜೆಗೆ ಒಡೆಯಲು ಬೇರೆ ಕುಂಬಳಕಾಯಿ ತನ್ನಿ. ಇದು ತಾನಾಗಿ ಒಡೆಯದ ಹಾಗೆ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಎಲ್ಕ್ ಗ್ರೋವ್‌ನವರು: ಬುಡಕ್ಕೇ ಪೈಪ್ ಅಂದ ಕೂಡಲೇ ನನ್ನ ಹೆಗಲು ನಾನೇ ಮುಟ್ಟಿ ನೋಡಿಕೊಂಡೆ ಮೇಡಂ. ಆದರೆ ಒಂದು ಅನುಮಾನ. ಮಿನೆಸೋಟದ ಮೇಷ್ಟ್ರು ಗೊಬ್ಬರದ ಮೇಲೆ ಗೊಬ್ಬರ ಕೊಟ್ಟೇ ದಾಖಲೆ ಮಾಡಿದ್ದು ಅಂತಾರಲ್ಲ?

ಉತ್ತರ: ಟ್ರಾವಿಸ್ ಗೀಂಗರ್ ಬಗ್ಗೆ ಹೇಳುತ್ತಿದ್ದೀರಿ. ಅನೋಕಾ ಊರಿನವರು, ತೋಟಗಾರಿಕೆ ಪಾಠ ಮಾಡುವವರು. 2023ರ ಅಕ್ಟೋಬರ್‌ನಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಊರಿನ ಸ್ಪರ್ಧೆಗೆ ಟ್ರೇಲರ್‌ನಲ್ಲಿ ಹೇರಿಕೊಂಡು ಬಂದು 2,749 ಪೌಂಡ್ ತೂಗಿಸಿದರು. ಎರಡು ವರ್ಷದ ನಂತರ, 2025ರಲ್ಲಿ, ಇಂಗ್ಲೆಂಡಿನ ಪ್ಯಾಟನ್ ಅವಳಿ ಸಹೋದರರು 2,819 ಪೌಂಡ್ ತೂಗಿಸಿ ಆ ದಾಖಲೆ ಮುರಿದರು. ಅವರು ಬೆಳೆಯುವುದು ಗಾಜಿನ ಮನೆಯೊಳಗೆ.

ಇವರ ಗೊಬ್ಬರದ ಪಟ್ಟಿ ನೋಡುವ ಮೊದಲು ಊರಿನ ಹವೆ ನೋಡಿ. ಮಿನೆಸೋಟದಲ್ಲಿ ಜುಲೈ ಹಗಲು 15 ಗಂಟೆಗೂ ಉದ್ದ, ನಿಮ್ಮಂಥ ಉರಿ ಇಲ್ಲ. ಈ ತಳಿಯ ತವರೂ ತಂಪು ಸೀಮೆಯೇ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹೊವಾರ್ಡ್ ಡಿಲ್ ಅನ್ನುವ ರೈತರು ವರ್ಷಗಟ್ಟಲೆ ಆರಿಸಿ, ಆರಿಸಿ ಮಾಡಿದ ತಳಿ ಅಟ್ಲಾಂಟಿಕ್ ಜೈಂಟ್. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಸ್ಪರ್ಧೆ ಗೆದ್ದರು. 1981ರಲ್ಲಿ ಅವರು 493 ಪೌಂಡ್ ಚಿಲ್ಲರೆ ತೂಗಿಸಿದ್ದೇ ಆಗಿನ ವಿಶ್ವ ದಾಖಲೆ. ಸಮುದ್ರದ ತಂಪಿನಲ್ಲಿ ಹುಟ್ಟಿದ ತಳಿಯನ್ನು ನೀವು ಸ್ಯಾಕ್ರಮೆಂಟೊ ಬಯಲಿಗೆ ಕರೆತಂದಿದ್ದೀರಿ. ಮೊದಲ ವರ್ಷ, ಅದೂ ಎರಡನೇ ಸಲ ನೆಟ್ಟ ಬಳ್ಳಿ. 300 ಪೌಂಡ್ ದಾಟಿದರೆ ಗುಂಪಿಗೆಲ್ಲ ಹೋಳಿಗೆ ಊಟ ಹಾಕಿಸಬೇಕು.

ಪ್ರಶ್ನೆ (ಟ್ರೇಸಿ ಊರಿನಿಂದ): ಅಕ್ಕಾ, ನಂದು ಟೊಮೆಟೊ ಗೋಳು. ಬಿಗ್ ಜ್ಯಾಕ್ ಮತ್ತು ಡೊಮಿಂಗೊ ಅನ್ನುವ ದೊಡ್ಡ ಹಣ್ಣಿನ ತಳಿ ಹಾಕಿದ್ದೇನೆ. ಮೇ ತಿಂಗಳಲ್ಲಿ ಮೊದಲ ಗೊಂಚಲಲ್ಲಿ ಚೆಂಡುಹೂವಿನ ಥರ ಒಂದು ವಿಕಾರವಾದ ದಪ್ಪ ಹೂ ಬಂತು. ಗಿಡ ಕೊಟ್ಟ ಅಂಗಡಿಯವರು ಇದು ರೋಗ, ಕಿತ್ತುಬಿಡಿ ಅಂದರು. ಕಿತ್ತೆ. ಈಗ ಬರುವ ಹೂವೆಲ್ಲ ಉದುರುತ್ತಿವೆ. ನಿಂತ ಎರಡು ಕಾಯಿಗಳ ತಳ ಕಪ್ಪಾಗಿದೆ. ಮೊಟ್ಟೆ ಸಿಪ್ಪೆ ಹಾಕಿದೆ, ಏನೂ ಆಗಲಿಲ್ಲ.

ಉತ್ತರ: ಅಯ್ಯೋ! ಬಹುಮಾನದ ಹೂವನ್ನೇ ಕಿತ್ತಿರಲ್ಲ.

ಆ ವಿಕಾರದ ಹೂವಿಗೇ ಸ್ಪರ್ಧೆಯವರು ಮೆಗಾಬ್ಲೂಮ್ ಅನ್ನುವುದು. ಹಲವು ಹೂಗಳು ಮೊಗ್ಗಿನಲ್ಲೇ ಅಂಟಿಕೊಂಡು ಒಂದಾಗಿರುತ್ತವೆ. ಪ್ರತಿ ಹೂವಿನ ಅಂಡಾಶಯವೂ ಸೇರಿ ಒಂದೇ ಹಣ್ಣಾಗುತ್ತದೆ. ದಾಖಲೆಯ ಟೊಮೆಟೊ ಅಂದರೆ ನಿಜಕ್ಕೂ ನಾಲ್ಕೈದು ಟೊಮೆಟೊಗಳ ಕೂಡು ಕುಟುಂಬ. ಒಕ್ಲಹೋಮಾದಲ್ಲಿ 1986ರಲ್ಲಿ ಬೆಳೆದ 7 ಪೌಂಡ್ 12 ಔನ್ಸಿನ ಹಣ್ಣಿನ ದಾಖಲೆ 28 ವರ್ಷ ನಿಂತಿತ್ತು. 2014ರಲ್ಲಿ ಮಿನೆಸೋಟದ ಡ್ಯಾನ್ ಮೆಕಾಯ್ 8.41 ಪೌಂಡಿನ ಹಣ್ಣಿನಿಂದ ಅದನ್ನು ಮುರಿದರು. ಈಗ ದಾಖಲೆ 11 ಪೌಂಡ್ ದಾಟಿದೆ.

ತಮಾಷೆ ನೋಡಿ. ಮೊಗ್ಗು ಮೂಡುವ ಹೊತ್ತಿಗೆ ಚಳಿ ಇದ್ದರೆ ಇಂಥ ಕೂಡುಹೂವು ಜಾಸ್ತಿ ಬರುತ್ತವೆ. ಎಲ್ಕ್ ಗ್ರೋವ್ ಅಣ್ಣನ ಕುಂಬಳದ ಸಸಿ ಕೊಳೆಸಿದ ಅದೇ ಚಳಿ ನಿಮಗೆ ಮೆಗಾಬ್ಲೂಮ್ ಕೊಟ್ಟಿತ್ತು. ಮುಂದಿನ ವರ್ಷ ಬಂದರೆ ಅದನ್ನು ಬಿಟ್ಟು ಆ ಗೊಂಚಲಿನ ಉಳಿದದ್ದನ್ನೆಲ್ಲ ಕೀಳಿ. ಒಂದು ಗಿಡಕ್ಕೆ ಒಂದು ಹಣ್ಣು, ಹೆಚ್ಚೆಂದರೆ ಎರಡು. ಹಣ್ಣಿಗೆ ಬಟ್ಟೆಯ ಜೋಳಿಗೆ ಕಟ್ಟಿ ಕಂಬಕ್ಕೆ ತೂಗುಹಾಕಿ, ಇಲ್ಲವಾದರೆ ಗೊಂಚಲೇ ಮುರಿಯುತ್ತದೆ.

ಹೂ ಉದುರುವುದು ಬಿಸಿಲಿಗೆ. ಹಗಲು 95 ದಾಟಿ, ರಾತ್ರಿಯೂ 75ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಔಷಧಿ ಹೊಡೆದು ಪ್ರಯೋಜನವಿಲ್ಲ. ಗಿಡ ಬದುಕಿಸಿಕೊಳ್ಳಿ, ರಾತ್ರಿ ತಣ್ಣಗಾದ ಮೇಲೆ ಬರುವ ಹೂವಿಗೆ ಕಾಯಿರಿ. ಹೂವರಳಿ ಹಣ್ಣಾಗಲು 50ರಿಂದ 60 ದಿನ. ಅಕ್ಟೋಬರ್ ಮೊದಲ ವಾರ ತೂಗಿಸಬೇಕಾದರೆ ಆಗಸ್ಟ್ ಮೊದಲ ಹದಿನೈದು ದಿನದಲ್ಲಿ ಕಾಯಿ ಕಚ್ಚಬೇಕು. ಅಂದರೆ ನಿಮಗೆ ಇನ್ನೂ ಒಂದು ಅವಕಾಶ ಇದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಎಲೆಕ್ಟ್ರಿಕ್ ಟೂತ್‌ಬ್ರಷ್‌ನ ಹಿಂಬದಿಯನ್ನು ಹೂವಿನ ತೊಟ್ಟಿಗೆ ಎರಡು ಸೆಕೆಂಡ್ ತಾಗಿಸಿ, ಪರಾಗ ಉದುರುತ್ತದೆ. ಮನೆಯವರ ಬ್ರಷ್ ತಗೊಂಡು ನನ್ನ ಹೆಸರು ಹೇಳಬೇಡಿ.

ತಳ ಕಪ್ಪಾಗಿದ್ದು ರೋಗವಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ. ಸಾಮಾನ್ಯವಾಗಿ ಮಣ್ಣಲ್ಲಿ ಅದು ಇರುತ್ತದೆ, ಒಯ್ಯುವ ನೀರು ಒಂದು ದಿನ ಹೊಳೆ, ಮೂರು ದಿನ ಬರ ಆದರೆ ತಲುಪುವುದಿಲ್ಲ. ಮೊಟ್ಟೆ ಸಿಪ್ಪೆ ಕರಗಲು ವರ್ಷಗಳೇ ಬೇಕು. ಹುಲ್ಲಿನ ಮುಚ್ಚಿಗೆ ನಾಲ್ಕು ಇಂಚು ಹಾಕಿ, ಡ್ರಿಪ್‌ಗೆ ಟೈಮರ್ ಇಡಿ. ಕಪ್ಪಾದ ಕಾಯಿ ಕಿತ್ತು ಬಿಸಾಡಿ, ಅದು ಸರಿಹೋಗುವುದಿಲ್ಲ.

ಪ್ರಶ್ನೆ (ಸ್ಯಾನ್ ಹೋಸೆಯಿಂದ): ಸ್ಪರ್ಧೆ ಗಿರ್ಧೆ ಗೊತ್ತಿಲ್ಲ. ಮುಗಿದ ಮೇಲೆ ಆ ಕಾಯಿಯಲ್ಲಿ ಪಲ್ಯ ಮಾಡಬಹುದಾ? ಮತ್ತೆ ನಮ್ಮೂರಿನ ಸಿಹಿಗುಂಬಳದ ಬೀಜ ಹಾಕಿ ದೊಡ್ಡದು ಮಾಡಲು ಆಗಲ್ವಾ?

ಉತ್ತರ: ಪಲ್ಯಕ್ಕೆ ಬೇಡ. ಸಪ್ಪೆ, ನಾರು, ಬರೀ ನೀರು. ಅದರ ಮೇಲೆ ಏನೇನು ಔಷಧಿ ಬಿದ್ದಿದೆಯೋ. ನಮ್ಮೂರ ಸಿಹಿಗುಂಬಳ ಹೆಚ್ಚಾಗಿ ಮೊಸ್ಕಾಟಾ ಜಾತಿ, ಈ ದೈತ್ಯ ಮ್ಯಾಕ್ಸಿಮಾ ಜಾತಿ. ನಮ್ಮದು ಬಿಸಿಲು ತಡೆಯುತ್ತದೆ, ಕಾಂಡ ಕೊರೆಯುವ ಹುಳಕ್ಕೂ ಅಷ್ಟಾಗಿ ಬಗ್ಗುವುದಿಲ್ಲ, ರುಚಿಯೂ ಹೌದು. ತಕ್ಕಡಿಯಲ್ಲಿ ಮಾತ್ರ ಇದರ ಹತ್ತಿರಕ್ಕೂ ಬರುವುದಿಲ್ಲ. ಊರಿಂದ ಬೀಜವನ್ನು ಸೂಟ್‌ಕೇಸಿನಲ್ಲಿ ಸುಮ್ನೆ ಹಾಕಿಕೊಂಡು ಬರಬೇಡಿ, ಬೀಜ ತರಲು ಕಾಗದಪತ್ರ ಬೇಕು.

ಎಲ್ಕ್ ಗ್ರೋವ್‌ನವರು (ಅಕ್ಟೋಬರ್): ಮೇಡಂ, ತೂಗಿಸಿ ಬಂದೆ! ಬಿರುಕು ಅಲ್ಲೇ ಒಣಗಿ ನಿಂತಿತು. ಆಗಸ್ಟ್‌ನಲ್ಲಿ ತಣ್ಣಗಾದ ಒಂದು ವಾರ ದಿನಕ್ಕೆ 9 ಪೌಂಡ್‌ವರೆಗೂ ಏರಿತು, ಗೊಬ್ಬರದ ಡಬ್ಬ ಮುಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಬೂದಿ ರೋಗಕ್ಕೆ ಅರ್ಧ ಎಲೆ ಹೋಯಿತು. ಸುತ್ತಳತೆ, ಅಡ್ಡ, ಉದ್ದ ಮೂರನ್ನೂ ಟೇಪ್ ಹಿಡಿದು ಕೂಡಿಸಿ ಚಾರ್ಟ್ ನೋಡಿದಾಗ 400 ಪೌಂಡ್ ಬಂದಿತ್ತು. ತಕ್ಕಡಿಯಲ್ಲಿ 371. ಪಕ್ಕದವರ 1,500 ಪೌಂಡಿನದ್ದರ ಎದುರು ನಮ್ಮದು ನಿಂಬೆಹಣ್ಣು. ಆದರೂ ಮಗಳು ಅದರ ಪಕ್ಕದಿಂದ ಏಳಲಿಲ್ಲ. ಚಾರ್ಟ್‌ಗಿಂತ ಯಾಕೆ ಕಡಿಮೆ ಬಂತು?

ಉತ್ತರ: ಟೇಪಿಗೆ ಹೊರಗಿನ ಅಳತೆ ಮಾತ್ರ ಗೊತ್ತು. ಒಳಗಿನ ತಿರುಳು ತೆಳ್ಳಗಿದ್ದರೆ ತಕ್ಕಡಿ ಕಡಿಮೆ ಹೇಳುತ್ತದೆ, ದಪ್ಪಗಿದ್ದರೆ ಜಾಸ್ತಿ. ಕಾಯಿ ಕೊಯ್ದಾಗ ತಿರುಳಿನ ದಪ್ಪ ಅಳೆದು ಬರೆದಿಡಿ. ಬೀಜ ತೊಳೆದು, ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ. ನಿಮ್ಮಲ್ಲಿ ಇದ್ದಿದ್ದು ಒಂದೇ ಬಳ್ಳಿ, ಗಂಡು ಹೂವೂ ಅದರದ್ದೇ, ಹಾಗಾಗಿ ತಂದೆ ಯಾರು ಅನ್ನುವ ಗೊಂದಲ ಇಲ್ಲ. ಲಕೋಟೆ ಮೇಲೆ ಸ್ಪರ್ಧೆಯವರ ಪದ್ಧತಿಯಂತೆ ಬರೆಯಿರಿ. ಮೊದಲು ತೂಕ, ಆಮೇಲೆ ಬೆಳೆದವರ ಮನೆತನದ ಹೆಸರು, ಆಮೇಲೆ ವರ್ಷ.

ಎಲ್ಕ್ ಗ್ರೋವ್‌ನವರು: ಮನೆತನದ ಹೆಸರು ಅಂತ ಇಲ್ಲ ಮೇಡಂ. ಇನಿಷಿಯಲ್ ಮಾತ್ರ, ಅದೂ ಊರಿಂದು. ಊರ ಹೆಸರೇ ಹಾಕಲಾ?

ಉತ್ತರ: ಹಾಕಿ. '371 ಚನ್ನರಾಯಪಟ್ಟಣ'. ಲಕೋಟೆ ಮಾತ್ರ ಸ್ವಲ್ಪ ಉದ್ದದ್ದು ತಗೊಳ್ಳಿ. ನನಗೆ ನಾಲ್ಕು ಬೀಜ ಎತ್ತಿಡಿ.