ಅಪ್‌ಡೇಟ್: ಒಳಸರಿದ ಗದ್ದಕ್ಕೆ ಇಂಪ್ಲಾಂಟೋ, ಮೂಳೆ ಸರಿಸುವುದೋ?

ತಂಗಿಯ ಗದ್ದ ಒಳಕ್ಕಿದೆ, ಮೂಗು ಉದ್ದ ಕಾಣುತ್ತದೆ, ಯಾವ ಸರ್ಜರಿ ಸರಿ ಎಂದು ಕೇಳಿದ್ದೆ. ರಾಯಚೂರಿನ ಡೆಂಟಲ್ ಕಾಲೇಜೊಂದರಲ್ಲಿ ಓಪಿಜಿ (ಇಡೀ ದವಡೆ-ಹಲ್ಲುಗಳ ಎಕ್ಸ್-ರೇ), ಲ್ಯಾಟರಲ್ ಸೆಫಲೋಗ್ರಾಮ್ (ತಲೆಯ ಪಕ್ಕದಿಂದ ತೆಗೆಯುವ ಎಕ್ಸ್-ರೇ) ಆಯಿತು.

ಮೊದಲು ನೋಡಬೇಕಾದದ್ದು ಹಲ್ಲು ಕೂಡುವ ರೀತಿ. ಅದು ತಪ್ಪಿದ್ದರೆ ಹಿಂದಿರುವುದು ಹೆಚ್ಚಾಗಿ ಇಡೀ ಕೆಳದವಡೆ. ಬರೀ ಗದ್ದ ಮುಂದೆ ತಂದರೆ ಹಲ್ಲು ತಪ್ಪಾಗಿ ಕೂಡುವುದು ಹಾಗೇ ಉಳಿಯುತ್ತದೆ. ಇವಳದು ಸರಿಯಿದೆ. ಮೂಗಿನ ತುದಿಯಿಂದ ಗದ್ದಕ್ಕೆ ಎಳೆದ ಗೆರೆಗಿಂತ ಕೆಳತುಟಿ ಸಾಮಾನ್ಯವಾಗಿ 2 ಮಿ.ಮೀ. ಹಿಂದಿರುತ್ತದೆ, ಇವಳದು ಮುಂದಿದೆ. ಅಂದರೆ ಗದ್ದ ಹಿಂದಿರುವುದರಿಂದಲೇ ಮೂಗು ಉದ್ದ ಕಾಣುತ್ತಿರಬಹುದು, ಮೊದಲು ಮೂಗಿಗೆ ಕೈ ಹಚ್ಚುವ ಅಗತ್ಯ ಕಾಣುವುದಿಲ್ಲ!

ಇವಳ ಗದ್ದದ ಎತ್ತರವನ್ನೂ ತಗ್ಗಿಸಬೇಕಾದ್ದರಿಂದ ಜೀನಿಯೋಪ್ಲಾಸ್ಟಿಯೇ (ಗದ್ದದ ಮೂಳೆ ಕತ್ತರಿಸಿ ಸರಿಸುವ ಸರ್ಜರಿ) ಸೂಕ್ತ. ಗದ್ದದ ಮೂಳೆಯ ಮೇಲೆ ಕೂರಿಸುವ ಸಿಲಿಕೋನ್ ಇಂಪ್ಲಾಂಟ್ ಎತ್ತರ ಇಳಿಸಲಾರದು. ಜಾರಬಹುದು, ಸೋಂಕಾದರೆ ತೆಗೆಯಬೇಕಾಗಬಹುದು. ಜೀನಿಯೋಪ್ಲಾಸ್ಟಿಯಲ್ಲಿ ಕೆಳತುಟಿಯ ಒಳಗಿನಿಂದ ಕೊಯ್ದು, ಕೆಳತುಟಿಗೆ ಸ್ಪರ್ಶ ಕೊಡುವ ನರ ಮೂಳೆಯಿಂದ ಹೊರಬರುವ ರಂಧ್ರಕ್ಕಿಂತ ಕನಿಷ್ಠ 5 ಮಿ.ಮೀ. ಕೆಳಗೆ ಮೂಳೆ ಕತ್ತರಿಸಿ, ಮುಂದೆ ಸರಿಸಿ ಟೈಟಾನಿಯಂ ಪ್ಲೇಟು-ಸ್ಕ್ರೂ ಹಾಕುತ್ತಾರೆ. ಹೊರಗೆ ಕಲೆ ಕಾಣದು.

ಸರ್ಜನ್‌ರನ್ನು ತಪ್ಪದೇ ಕೇಳಿ: ಮೆಂಟಾಲಿಸ್ ಸ್ನಾಯುವನ್ನು (ಗದ್ದ, ಕೆಳತುಟಿ ಎತ್ತಿ ಹಿಡಿಯುವ ಸ್ನಾಯು) ಮತ್ತೆ ಹೊಲಿಯುತ್ತೀರಾ? ಅದು ಸರಿಯಾಗಿ ಕೂಡದಿದ್ದರೆ ತುಟಿ ಜೋತು ಕೆಳಹಲ್ಲು ಕಾಣುತ್ತವೆ, ಗದ್ದದ ಚರ್ಮ ಇಳಿಬೀಳುತ್ತದೆ. ನನ್ನ ಪ್ರಕಾರ ಗದ್ದ ಎಷ್ಟು ಮಿ.ಮೀ. ಮುಂದೆ ತರುತ್ತೀರಿ ಎಂಬುದಕ್ಕಿಂತ ಇದೇ ದೊಡ್ಡ ಪ್ರಶ್ನೆ. ಸರ್ಜರಿ ನಂತರ ತುಟಿ ಜೋಮು ಹಿಡಿಯುವುದು ಸಾಮಾನ್ಯ. ಕೆಲವರಿಗೆ ಕಾಯಂ ಉಳಿಯಬಹುದು.

ಆಮೇಲೆ ಕೆಲವು ವಾರ ಗಂಜಿ, ಮೆತ್ತನೆ ಅನ್ನ. ಖಡಕ್ ರೊಟ್ಟಿ, ಮಂಡಾಳ ಒಗ್ಗರಣೆ ಬೇಡ. ಗುಟ್ಕಾ, ಬೀಡಿ ಪೂರ್ತಿ ಬಂದ್, ಗಾಯ ಮಾಯುವುದೇ ತಡವಾಗುತ್ತದೆ. ಅಂತಿಮ ಆಕಾರಕ್ಕೆ ಸುಮಾರು 6 ತಿಂಗಳು ಕಾಯಬೇಕು.