ಪದಚರ್ಚೆ: ಡಾಕರ್ 'ಇಮೇಜ್'ಗೆ 'ಅಚ್ಚು' ಹೊಂದುತ್ತದೆಯೇ?

ಗೆಳೆಯರೇ,

ಬೆಂಗಳೂರಿನ ನಮ್ಮ ಗುಂಪು ಆನ್‌ಲೈನ್ ಕನ್ನಡ ಪಾಠ ನಡೆಸುತ್ತದೆ. ಅದಕ್ಕೆ ಜಿಟ್ಸಿ ಮೀಟ್ ಎಂಬ ವಿಡಿಯೋ ಕಾಲ್ ತಂತ್ರಾಂಶವನ್ನು ನಮ್ಮದೇ ಸರ್ವರ್‌ನಲ್ಲಿ ಡಾಕರ್ ಮೂಲಕ ಓಡಿಸುತ್ತೇವೆ. ಡಾಕರ್‌ನಲ್ಲಿ 'ಇಮೇಜ್' ಅಂದರೆ ತಂತ್ರಾಂಶ ಓಡಲು ಬೇಕಾದದ್ದೆಲ್ಲ ತುಂಬಿಟ್ಟ ಸಿದ್ಧ ಗಂಟು; ಅದರಿಂದ ಎಬ್ಬಿಸಿ ಓಡಿಸುವುದು 'ಕಂಟೈನರ್'. ಹೊಸದಾಗಿ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. 'ಇಮೇಜ್' ಅನ್ನೋ ಪದಕ್ಕೆ ನಿಮ್ಮ ಸಲಹೆ ಬೇಕು.

ಕಂಟೈನರ್ ಬಗ್ಗೆ ತಕರಾರಿಲ್ಲ. ವೈಟ್‌ಫೀಲ್ಡಿನಲ್ಲಿ ಕಂಟೈನರ್ ಡಿಪೋನೇ ಇದೆ, ಪದ ಎಲ್ಲರ ಬಾಯಲ್ಲೂ ಇದೆ. ಸರ್ವರ್, ಪೋರ್ಟ್ ಕೂಡ ಹಾಗೇ ಇರಲಿ. ಇಮೇಜ್ ಮಾತ್ರ ದಾರಿ ತಪ್ಪಿಸುತ್ತದೆ. ವಿಡಿಯೋ ಕಾಲ್ ಕೈಪಿಡಿಯಲ್ಲಿ 'ಇಮೇಜ್' ಅಂದರೆ ಪರದೆ ಮೇಲಿನ ಚಿತ್ರ ಅಂತಲೇ ಓದುತ್ತಾರೆ, ಅಲ್ವಾ? 'ಬಿಂಬ' ಅನ್ನೋಣವೆಂದರೆ ಎದುರಿಗೆ ಮೂಲ ವಸ್ತು ಒಂದಿರಬೇಕು. ಇಲ್ಲಿ ಇಮೇಜೇ ಮೂಲ.

ಜಿಟ್ಸಿಯಲ್ಲಿ ಮುಖ್ಯವಾಗಿ ನಾಲ್ಕು ಇಮೇಜ್‌ಗಳು: ವೆಬ್, ಪ್ರೊಸೊಡಿ, ಜಿಕೋಫೋ, ಜೆವಿಬಿ (ಜಿಟ್ಸಿ ವಿಡಿಯೋಬ್ರಿಡ್ಜ್). ವಿಡಿಯೋ, ಆಡಿಯೋ ಹಾಯುವುದು ಜೆವಿಬಿ ಮೂಲಕ, ಸಾಮಾನ್ಯವಾಗಿ ಯುಡಿಪಿ 10000 ಪೋರ್ಟಿನಲ್ಲಿ. ಒಂದೇ ಜೆವಿಬಿ ಇಮೇಜಿನಿಂದ ಎಷ್ಟು ಕಂಟೈನರ್ ಬೇಕಾದರೂ ಎಬ್ಬಿಸಬಹುದು. ಕಂಟೈನರ್ ತೆಗೆದುಹಾಕಿದರೆ ಅದರೊಳಗೆ ಬರೆದದ್ದೆಲ್ಲ ಹೋಗುತ್ತದೆ. ಹೊರಗಿನ ವಾಲ್ಯೂಮ್‌ನಲ್ಲಿ (ಕಂಟೈನರ್ ಆಚೆ ಫೈಲ್ ಇಡುವ ಜಾಗ) ಇಟ್ಟದ್ದು ಮಾತ್ರ ಉಳಿಯುತ್ತದೆ. ಇಮೇಜ್‌ಗೆ ಏನೂ ಆಗುವುದಿಲ್ಲ. ಈ ಗುಣ ನೋಡಿಯೇ ನನಗೆ 'ಅಚ್ಚು' ಹಿಡಿಸಿದ್ದು.

ತೊಡಕು ಎರಡು. ಸಂಕ್ರಾಂತಿಗೆ ಪಾಕ ಹುಯ್ಯುವ ಮರದ ಅಚ್ಚೂ ಅಚ್ಚೇ, ಅದರಿಂದ ಬಿಡಿಸಿ ತಟ್ಟೆಯಲ್ಲಿ ಹಂಚುವ ಸಕ್ಕರೆ ಅಚ್ಚೂ ಅಚ್ಚೇ. ಹಾಗಾದರೆ 'ಹಳೆಯ ಅಚ್ಚು ಅಳಿಸಿ' ಎಂದು ಬರೆದಾಗ ಓದುವವರು ಇಮೇಜ್ ಅಳಿಸಬೇಕೋ ಕಂಟೈನರ್ ಅಳಿಸಬೇಕೋ? ಡಾಕರ್ ಕಲಿಯುವವರು ಮೊದಲು ಬೇರೆ ಮಾಡಿಕೊಳ್ಳಬೇಕಾದದ್ದೇ ಈ ಎರಡನ್ನು. 'ಪಡಿಯಚ್ಚು' ನೋಡಿದೆ. 'ಅಪ್ಪನ ಪಡಿಯಚ್ಚು' ಅಂತೀವಲ್ಲ, ಅದು ನಕಲಿನ ಕಡೆಗೇ ವಾಲುತ್ತದೆ.

ಇನ್ನೊಂದು ತೊಡಕು 'ಬಿಲ್ಡ್', ಅಂದರೆ ತಂತ್ರಾಂಶವನ್ನೋ ಇಮೇಜನ್ನೋ ತಯಾರಿಸುವುದು. ಒಂಟಿಯಾಗಿ 'ಕಟ್ಟು' ಚೆನ್ನಾಗಿ ಕೂರುತ್ತದೆ. ಜೆವಿಬಿ ಜಾವಾ, ಕಾಟ್ಲಿನ್ ಭಾಷೆಗಳಲ್ಲಿದೆ. ಅದನ್ನು ಮೂಲ ಕೋಡಿನಿಂದ ಕಟ್ಟಲು ಜೆಡಿಕೆ, ಮೇವೆನ್ ಎಂಬ ಸಲಕರಣೆಗಳು ಬೇಕು. ಆ ಭಾರವೆಲ್ಲ ಒಂದು ಕಂಟೈನರಿನಲ್ಲಿಟ್ಟು, ಸಿದ್ಧವಾದ ಫೈಲನ್ನಷ್ಟೇ ಚಿಕ್ಕ ಇಮೇಜಿಗೆ ಸಾಗಿಸಬಹುದು. ಮೊದಲನೆಯದಕ್ಕೆ 'ಕಟ್ಟುವ ಕಂಟೈನರ್', ಇಮೇಜಿನಿಂದ ಎಬ್ಬಿಸಿದ್ದಕ್ಕೆ 'ಓಡುವ ಕಂಟೈನರ್' ಅಂದರೆ ಯಾರಿಗಾದರೂ ತಿಳಿಯುತ್ತದೆ. ಆದರೆ 'ಅಚ್ಚು ಕಟ್ಟಿ' ಅಂತ ಬರೆದ ಕೂಡಲೇ ಕಣ್ಣಿಗೆ 'ಅಚ್ಚುಕಟ್ಟು' ಬೀಳುತ್ತದೆ! ಕೆರೆಯ ಅಚ್ಚುಕಟ್ಟು ಬೇರೆ ಇದೆ.

ಸದ್ಯಕ್ಕೆ ಇಮೇಜ್‌ಗೆ 'ಅಚ್ಚು', ಬಿಲ್ಡ್‌ಗೆ 'ಅಚ್ಚು ಕೊರೆ', ಹೊಸ ಕಂಟೈನರ್‌ಗೆ 'ಎಬ್ಬಿಸು' ಎಂದು ಇಟ್ಟಿದ್ದೇನೆ. 'ಕೊರೆ' ಮರದ ಅಚ್ಚಿನ ಕಡೆಗೇ ಓದುಗರನ್ನು ಎಳೆಯುತ್ತದೆ ಅನ್ನುವುದು ನನ್ನ ಲೆಕ್ಕ. ಸುಮ್ನೆ 'ಇಮೇಜ್' ಅಂತಲೇ ಬಿಡುವುದು ಮೇಲು ಅನ್ನುವವರಿದ್ದರೆ ಕಾರಣ ಹೇಳಿ. ಹಾಗೇ, ನಿಮ್ಮ ಮನೆಯಲ್ಲಿ ಆ ಮರದ ಅಚ್ಚಿಗೆ, ಸಕ್ಕರೆ ಗೊಂಬೆಯ ಹೆಸರಿನ ಜೊತೆ ಬೆರೆಯದ ಬೇರೆ ಪದ ಇದೆಯೇ? ಇದ್ದರೆ ಯಾವ ಊರಿನ ಬಳಕೆ ಅನ್ನುವುದನ್ನೂ ಬರೆಯಿರಿ.