ಅಪ್‌ಡೇಟ್: ಕಿಡ್ನಿ ಕಸಿ ಆದ ಮೇಲೆ ಬದುಕು ಹೇಗಿದೆ

ಕಿಡ್ನಿ ಕಸಿ ಮಾಡಿಸಿಕೊಂಡರೆ ಡಯಾಲಿಸಿಸ್‌ಗಿಂತ ಬದುಕು ನಿಜವಾಗಲೂ ಸುಧಾರಿಸುತ್ತದಾ ಎಂದು ಆಗ ಕೇಳಿದ್ದೆ. ಈಗ ಆಪರೇಷನ್ ಆಗಿ ವರ್ಷ ದಾಟಿದೆ. ಹೌದು, ಸುಧಾರಿಸಿದೆ. ಆದರೆ ಚಿಂತೆಗಳು ಬೇರೆ ಥರ.

ದೊಡ್ಡ ಖುಷಿ ನೀರಿನದು. ಮೊದಲು ಡಯಾಲಿಸಿಸ್‌ನಲ್ಲಿದ್ದಾಗ ಗುಟುಕು ಗುಟುಕಿಗೂ ಲೆಕ್ಕ ಇಡುತ್ತಿದ್ದೆ. ಈಗ ಡಾಕ್ಟರೇ ಚೆನ್ನಾಗಿ ನೀರು ಕುಡಿಯಿರಿ ಅನ್ನುತ್ತಾರೆ! ಆಗಿನ ಸುಸ್ತೂ ಹೋಗಿದೆ. ಅಂದ ಹಾಗೆ, ಹಳೇ ಕಿಡ್ನಿಗಳನ್ನು ತೆಗೆದಿಲ್ಲ. ಹೊಸದನ್ನು ಕೆಳಹೊಟ್ಟೆಯಲ್ಲಿ ಕೂರಿಸಿದ್ದಾರೆ.

ಕಷ್ಟ ಇರುವುದು ಮಾತ್ರೆಗಳಲ್ಲಿ. ರೋಗನಿರೋಧಕ ಶಕ್ತಿ ತಗ್ಗಿಸಿ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ. ಹೊಸ ಕಿಡ್ನಿ ಇರುವಷ್ಟು ದಿನ ಇಂಥ ಮಾತ್ರೆ ತಪ್ಪಿದ್ದಲ್ಲ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ, ರಕ್ತ ಕೊಟ್ಟ ಮೇಲೇ ಬೆಳಗಿನ ಮಾತ್ರೆ ನುಂಗಬೇಕು. ಶುರುವಿನಲ್ಲಿ ಕೈ ನಡುಗಿ ಸಹಿ ಹಾಕುವುದೂ ಪೇಚಾಟವಾಗಿತ್ತು. ಸ್ಟೀರಾಯ್ಡ್‌ನಿಂದ ಮುಖ ಊದಿತ್ತು. ಡೋಸ್ ಇಳಿಸಿದ ಮೇಲೆ ಎರಡೂ ತಗ್ಗಿವೆ.

ತಲೆನೋವು ಅಂತ ಸುಮ್ನೆ ಐಬುಪ್ರೊಫೇನ್ ನುಂಗುವ ಹಾಗಿಲ್ಲ, ಕಿಡ್ನಿಗೆ ಪೆಟ್ಟು. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಪ್ರತಿ ರಿಪೋರ್ಟಿಗೂ ಎದೆ ಢವಢವ. ಈ ಭಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅಲ್ವಾ? ಕೆಲಸಕ್ಕೂ ಹೋಗುತ್ತಿದ್ದೇನೆ. ಮೊದಮೊದಲು ಅರ್ಧ ದಿನ, ಈಗ ಪೂರ್ತಿ.